ಫಾರ್ಮ್ಯಾಟ್ ಮಾಡುವ ಮುನ್ನ ಸಾಕ್ಷ್ಯ ಉಳಿಸಿ

2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕುಸಿದಾಗ ಮೊದಲಿಗೆ ಎಲ್ಲರ ಬಾಯಲ್ಲೂ ‘ಸರ್ವರ್ ಡೌನ್’ ಎಂಬ ಮಾತೇ ಇತ್ತು. ಅದು ದಾಳಿ ಎಂದು ಗೊತ್ತಾದದ್ದು ದಾಖಲೆ ಕೆದಕಿದ ಮೇಲೆ: 62 ಇಮೇಲ್ ಖಾತೆ, 14 ಐಪಿ ವಿಳಾಸ, ಎರಡೇ ತಾಸಿನಲ್ಲಿ ಋಣಭಾರ ಪ್ರಮಾಣಪತ್ರದ (ಇ.ಸಿ.) ಹುಡುಕಾಟದ ಸೋಗಿನ 6.2 ಲಕ್ಷ ಕೋರಿಕೆ. ಸರ್ವರ್‌ನ ಲಾಗ್ (ಚಟುವಟಿಕೆಯ ದಾಖಲೆ) ಉಳಿದಿದ್ದರಿಂದಲೇ ಈ ಲೆಕ್ಕ ಸಿಕ್ಕಿತು, ಸೈಬರ್ ಠಾಣೆಯಲ್ಲಿ ಎಫ್‌ಐಆರ್ ದಾಖಲಾಯಿತು. ಲಾಗ್ ಉಳಿಸುವ ಇದೇ ಎಚ್ಚರ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸಹಕಾರ ಸಂಘ, ಅಕ್ಕಿ ಗಿರಣಿ, ಆಸ್ಪತ್ರೆಗಳ ಸಣ್ಣ ಸರ್ವರ್‌ಗಳಿಗೂ ಬೇಕು.

ಅಲ್ಲಿನ ಅಪಾಯ ಬ್ರೂಟ್ ಫೋರ್ಸ್ ದಾಳಿಯದು. ಒಂದು ಪ್ರೋಗ್ರಾಂ ಹಗಲಿರುಳು ಪಾಸ್‌ವರ್ಡ್‌ಗಳನ್ನು ಒಂದಾದ ಮೇಲೊಂದು ಹಾಕಿ ನೋಡುತ್ತದೆ. ಲಾಗ್ ತೆರೆದರೆ ಒಂದೇ ವಿಳಾಸದಿಂದ ‘ರೂಟ್’, ‘ಅಡ್ಮಿನ್’ ಹೆಸರಿನಲ್ಲಿ ಸಾಲುಸಾಲು ವಿಫಲ ಯತ್ನ. ನಡುವೆ ಎಲ್ಲೋ ಒಂದು ಕಡೆ ಯಶಸ್ವಿ ಲಾಗಿನ್. ಕಳ್ಳ ಒಳಹೊಕ್ಕ ಹೊತ್ತು, ಬಳಸಿದ ಖಾತೆ ಎರಡೂ ಆ ಒಂದು ಸಾಲಿನಲ್ಲಿವೆ. ಆದರೆ ತೊಂದರೆ ಕಂಡ ಕೂಡಲೇ ಡಿಸ್ಕ್ ಫಾರ್ಮ್ಯಾಟ್ ಮಾಡಿಸಿದರೆ ಅದೂ ಅಳಿದುಹೋಗುತ್ತದೆ. ಸೈಬರ್ ಫೊರೆನ್ಸಿಕ್ಸ್ ಮಾಡುವುದು ಇದಕ್ಕೆ ತದ್ವಿರುದ್ಧ ಕೆಲಸ: ಮೂಲ ಡಿಸ್ಕನ್ನು ಮುಟ್ಟದೆ ಯಥಾಪ್ರತಿ ತೆಗೆದು, ಅದರ ಡಿಜಿಟಲ್ ಬೆರಳಚ್ಚಿನಂಥ ಹ್ಯಾಶ್ ಮೌಲ್ಯ ದಾಖಲಿಸಿ, ಪ್ರತಿಯ ಮೇಲೆ ಮಾತ್ರ ತನಿಖೆ ನಡೆಸುವುದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಡಿಜಿಟಲ್ ಸಾಕ್ಷ್ಯಕ್ಕೆ ಕೇಳುವ ಪ್ರಮಾಣಪತ್ರದಲ್ಲೂ ಆ ಹ್ಯಾಶ್ ಇರಬೇಕು.

ಕೆಲಸ ನಿಂತರೆ ಜನರಿಗೆ ತೊಂದರೆ, ತನಿಖೆಗೆ ಕಾಯಲಾಗದು ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಹಳೆಯ ಡಿಸ್ಕನ್ನು ತೆಗೆದಿಟ್ಟು, ಹೊಸದರ ಮೇಲೆ ಬ್ಯಾಕಪ್‌ನಿಂದ ಕೆಲಸ ಶುರು ಮಾಡಲು ಅಡ್ಡಿಯಿಲ್ಲ. ದಾಳಿಕೋರ ಹೊರದೇಶದವನಾದರೆ ಸಿಗುವುದೇ ಇಲ್ಲ ಎನ್ನುವವರಿದ್ದಾರೆ. ಅವನು ಸಿಗದಿದ್ದರೂ ಯಾವ ಕಡತ ಸೋರಿತು, ಯಾವ ದಾಖಲೆ ತಿದ್ದಲಾಯಿತು ಎಂಬುದು ಖಾತೆದಾರರಿಗೆ ತಿಳಿಯಲೇಬೇಕು. ಅವನು ಒಳಬಂದ ದಾರಿ ಗೊತ್ತಾಗದೆ ಹೊಸ ಸರ್ವರ್ ಹೂಡಿದರೆ ಅದೇ ದಾರಿಯಲ್ಲಿ ಮತ್ತೆ ಬರುತ್ತಾನೆ.

ರಾಷ್ಟ್ರೀಯ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸಿಇಆರ್‌ಟಿ-ಇನ್‌ನ 2022ರ ನಿರ್ದೇಶನದಂತೆ ಇಂಥ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಫೊರೆನ್ಸಿಕ್ ತಜ್ಞರ ಸ್ಥಳ ಭೇಟಿಯನ್ನು ಕಡ್ಡಾಯ ಮಾಡಿರುವುದು 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ. ಐಟಿ ಕಾಯ್ದೆಯ 66ನೇ ಕಲಂನಡಿ ಹ್ಯಾಕಿಂಗ್‌ಗೆ ಗರಿಷ್ಠ ಶಿಕ್ಷೆ 3 ವರ್ಷವಾದ್ದರಿಂದ ಅಲ್ಲಿ ಆ ಭೇಟಿ ಕಡ್ಡಾಯವಲ್ಲ. ಹಾಗಾಗಿ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೇ ಡಿಸ್ಕ್ ಪ್ರತಿ ತೆಗೆಯುವ ಉಪಕರಣ, ತರಬೇತಾದ ಸಿಬ್ಬಂದಿಯನ್ನು ಸರ್ಕಾರ ಕೊಡಬೇಕು. ಸಂಸ್ಥೆಗಳು ಲಾಗ್‌ನ ಪ್ರತಿಯನ್ನು ಬೇರೊಂದು ಯಂತ್ರದಲ್ಲಿಡಲಿ. ದಾಳಿಯ ಗುಮಾನಿ ಬಂದರೆ ಫಾರ್ಮ್ಯಾಟ್ ಮಾಡಿಸುವ ಮೊದಲು ಠಾಣೆಗೆ ದೂರು ಕೊಡಲಿ.