ಸೂಜಿಗೆ ಮೊದಲು ಒಂದು ಹನಿ ರಕ್ತ

ತೋಟದ ನಾಯಿ ಮೂರು ದಿನ ಮುದ್ದೆ ಮುಟ್ಟದಿದ್ದರೆ ನಾವು ಮಾಡುವುದೇನು? ಅಂಗಡಿಯಿಂದ ಜಂತುಮಾತ್ರೆ ತಂದು ನುಂಗಿಸುತ್ತೇವೆ. ಅದಕ್ಕೂ ಬಗ್ಗದಿದ್ದರೆ ಯಾರಿಂದಲಾದರೂ ಒಂದು ಇಂಜೆಕ್ಷನ್. ಅರಕಲಗೂಡು ಕಡೆಯ ನನ್ನ ತೋಟದ ಕಾವಲುನಾಯಿಯನ್ನು ಕಳೆದುಕೊಂಡದ್ದು ಹೀಗೆಯೇ. ಮೂತ್ರ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದಾಗ ಕಾಮಾಲೆಯೆಂದು ಸೊಪ್ಪಿನ ರಸ ಕುಡಿಸಿದೆ. ತಪ್ಪು ನನ್ನದೇ.

ಅದು ಉಣ್ಣೆಯಿಂದ ಬರುವ ಬೆಬೀಸಿಯಾ ಇದ್ದಿರಬಹುದು. ಈ ಪರೋಪಜೀವಿ ಕೆಂಪು ರಕ್ತಕಣದೊಳಗೆ ಹೊಕ್ಕು ಅದನ್ನು ಒಡೆಯುತ್ತದೆ. ದೊಡ್ಡದು, ಚಿಕ್ಕದು ಎಂದು ಎರಡು ಬಗೆ. ಚಿಕ್ಕದಾದ ಗಿಬ್ಸೋನಿಯನ್ನು 1910ರಲ್ಲಿ ಪ್ಯಾಟನ್ ಎಂಬುವರು ವರ್ಣಿಸಿದ್ದು ನಮ್ಮ ಪಕ್ಕದ ಮದ್ರಾಸಿನ ಬೇಟೆನಾಯಿಗಳಲ್ಲೇ. ದೊಡ್ಡದಕ್ಕೆ ನಾಟುವ ಇಂಜೆಕ್ಷನ್ ಚಿಕ್ಕದನ್ನು ಪೂರ್ತಿ ತೊಲಗಿಸುವುದಿಲ್ಲ. ಆದ್ದರಿಂದ ಔಷಧಿಗೆ ಮೊದಲೇ ಕಿವಿಯಂಚಿನ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳುವಾಗಿ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಮ್ಮೆ ಕಾಣಲಿಲ್ಲವೆಂದರೆ ರೋಗವಿಲ್ಲವೆಂದಲ್ಲ.

ಕೊಕ್ಕೆಹುಳುವಿನ ಪರೀಕ್ಷೆ ಇನ್ನೂ ಸುಲಭ. ಮಲವನ್ನು ಗಟ್ಟಿ ಉಪ್ಪುನೀರಿನಲ್ಲಿ ಕದಡಿದರೆ ಮೊಟ್ಟೆ ಮೇಲೆ ತೇಲುತ್ತವೆ. ಆದರೆ ತಾಯಿಹಾಲಿನಿಂದ ಹುಳು ಪಡೆದ ಮರಿ, ಮೊಟ್ಟೆ ಕಾಣುವ ಮೊದಲೇ ಸಾಯಬಹುದು. ಅಲ್ಲಿ ಬಿಳಿಚಿದ ವಸಡನ್ನೇ ನೋಡಬೇಕು. ತೇವದ ಅಡಿಕೆ ತೋಟದಲ್ಲಿ ಬರಿಗಾಲಿನ ಆಳುಗಳ ಚರ್ಮಕ್ಕೂ ಈ ಹುಳುವಿನ ಮರಿ ಹೊಗುತ್ತದೆ, ಇದು ಬರೀ ನಾಯಿಯ ಮಾತಲ್ಲ.

ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹೊಳೆನರಸೀಪುರ, ಚನ್ನರಾಯಪಟ್ಟಣದವರು ಕೋರ್ಟು ಕಚೇರಿಗೆಂದು ಅಲ್ಲಿಗೆ ಹೋಗುತ್ತಲೇ ಇರುತ್ತೇವೆ. ಸಂಘದ ಗೊಬ್ಬರದ ಡಿಪೋದಲ್ಲಿ ಒಂದು ಡಬ್ಬಿ ಸ್ಲೈಡು ಇರಲಿ. ಊರ ಪಶುವೈದ್ಯರು ಸವರಿಕೊಟ್ಟದ್ದನ್ನು ಒಣಗಿಸಿ, ಕಾಗದದಲ್ಲಿ ಸುತ್ತಿ, ಹೋಗುವವರ ಕೈಗೆ ಕೊಡೋಣ. ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ. ನಾಯಿ ಸಾಕಿದವರೆಲ್ಲ ಬನ್ನಿ.