ಬೇಡನೇನೋ ಬಂದ, ರುದ್ರಾಂಬಿಕೆ ಎಲ್ಲಿ?

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಜಾತ್ರೆಯಿಲ್ಲದ ವರ್ಷ ಹೋಳಿಯ ಸರದಿ. ಆಗ ಪೇಟೆಗೆ ‘ಬೇಡರ ವೇಷ’ ಬರುತ್ತದೆ. ಬೆನ್ನಿಗೆ ನವಿಲುಗರಿ, ಮುಖಕ್ಕೆ ಕೆಂಪು ಬಣ್ಣ, ದಪ್ಪ ಮೀಸೆ, ಕೈಯಲ್ಲಿ ಕತ್ತಿ-ಗುರಾಣಿ. ತಮಟೆಯ ಬಡಿತಕ್ಕೆ ಕುಣಿಯುತ್ತ ಬೇಡ ಜನರ ಮೇಲೆ ನುಗ್ಗುತ್ತಾನೆ; ಅವನಿಗೆ ಬಿಗಿದ ಹಗ್ಗವನ್ನು ಹಿಡಿದವರು ಹಿಂದಕ್ಕೆಳೆಯುತ್ತಾರೆ. ಸಿದ್ದಾಪುರ, ಯಲ್ಲಾಪುರಗಳ ಕಡೆಯಿಂದಲೂ ಬಂದ ಜನ ನಸುಕಿನವರೆಗೆ ರಸ್ತೆಯಂಚಿನಲ್ಲಿ ಕಾದು ನಿಲ್ಲುತ್ತಾರೆ. ನಾನೂ ಹಾಗೆ ನಿಂತವನೇ; ಕತ್ತಿ ಬೀಸಿದಾಗ ಎಲ್ಲರಂತೆ ಹಿಂದೆ ಸರಿದವನೇ.

ಹೆಚ್ಚುಕಡಿಮೆ ಇದೇ ಋತುವಿನಲ್ಲಿ ಯುರೋಪಿನ ಊರುಗಳೂ ವೇಷ ತೊಡುತ್ತವೆ. ಈಸ್ಟರ್‌ಗೆ ಮುನ್ನ ಬರುವ ನಲವತ್ತು ದಿನಗಳ ಉಪವಾಸ ಬೂದಿ ಬುಧವಾರದಂದು ಆರಂಭವಾಗುತ್ತದೆ. ಅದಕ್ಕೂ ಮೊದಲಿನ ಉಂಡು ಕುಣಿಯುವ ದಿನಗಳೇ ಕಾರ್ನಿವಲ್. ಮಾಂಸವನ್ನು ತೊರೆಯುವುದು ಎಂಬರ್ಥದ ಲ್ಯಾಟಿನ್ ಪದಗಳಿಂದ ಈ ಹೆಸರು ಬಂತೆನ್ನುತ್ತಾರೆ. ವೆನಿಸ್ ನಗರ ಮುಖವಾಡ ಧರಿಸಿದರೆ, ಬೆಲ್ಜಿಯಂನ ಬಾಂಶ್ ಪಟ್ಟಣದಲ್ಲಿ ಉಷ್ಟ್ರಪಕ್ಷಿಯ ಗರಿ ಮುಡಿದವರು ಕುಣಿಯುತ್ತಾರೆ. ಎಲ್ಲೆಡೆಯೂ ಸೂತ್ರ ಒಂದೇ: ನಿತ್ಯದ ನಿಯಮಕ್ಕೆ ಕೆಲವು ದಿನಗಳ ರಜೆ, ಬಳಿಕ ಮತ್ತೆ ಕಟ್ಟುಪಾಡು. ಅಲ್ಲಿ ಅದಕ್ಕೆ ಕೊನೆ ಹಾಡುವುದು ಪಂಚಾಂಗ, ಶಿರಸಿಯಲ್ಲಿ ಹಗ್ಗ.

ಆದರೆ ನಮ್ಮ ವೇಷದ ಬೆನ್ನಿಗೊಂದು ಕಥೆಯಿದೆ. ಸೋಂದೆಯ ಅರಸರು ಊರಿನ ರಕ್ಷಣೆಗೆ ಮಲ್ಲೇಶಿ ಎಂಬ ಬೇಡನನ್ನು ನೇಮಿಸಿದರಂತೆ. ಕಾಯಬೇಕಾದವನೇ ಕಾಮಾಂಧನಾಗಿ ಹೆಣ್ಣುಮಕ್ಕಳನ್ನು ಪೀಡಿಸತೊಡಗಿದನಂತೆ. ದಾಸಪ್ಪ ಶೆಟ್ಟಿಯ ಮಗಳು ರುದ್ರಾಂಬಿಕೆ ಊರಿಗಾಗಿ ಅವನನ್ನು ವರಿಸಿ, ಹೋಳಿಯ ದಿನ ಅವನು ಕುಣಿಯುತ್ತಿದ್ದಾಗ ಕಣ್ಣಿಗೆ ಆಮ್ಲ ಎರಚಿದಳು; ಅವಳನ್ನು ಕೊಲ್ಲಹೊರಟವನನ್ನು ಜನ ಹಿಡಿದು ಸುಟ್ಟರು; ಅವಳೂ ಪ್ರಾಣ ತೆತ್ತಳು. ಇದು ಶಾಸನದ ಸಾಕ್ಷ್ಯವಲ್ಲ, ಜನರ ನೆನಪು. ವೇಷ ಕಟ್ಟುವುದು ಅವಳ ತ್ಯಾಗದ ಸ್ಮರಣೆಗೆಂದೇ ಹಿರಿಯರು ಹೇಳುತ್ತಾರೆ.

ನನ್ನ ತಕರಾರು ಇರುವುದು ಇಲ್ಲಿಯೇ. ಸ್ಮರಣೆ ಅವಳದು, ಮೆರವಣಿಗೆ ಅವನದು. ಶಿಳ್ಳೆ, ಚಪ್ಪಾಳೆ, ಛಾಯಾಚಿತ್ರಗಳೆಲ್ಲ ಬೇಡನಿಗೆ ಸಲ್ಲುತ್ತವೆ. ಅವನನ್ನು ಕೆಡವಿದವಳು ಕಥೆ ಕೇಳಿದವರ ಬಾಯಲ್ಲಷ್ಟೇ ಉಳಿದಿದ್ದಾಳೆ. ಕಥೆ ಮರೆತ ಯುವಕನಿಗೆ ಉಳಿಯುವುದು ಹೆದರಿಸುವ ಗಂಡಸಿನ ಠೀವಿ ಮಾತ್ರ. ಒಬ್ಬ ಕಥಾಪುರುಷನ ದುಷ್ಟತನ ಒಂದು ಸಮುದಾಯದ ಹೆಸರಿಗೆ ಅಂಟಿಕೊಳ್ಳುವ ಅನ್ಯಾಯವೂ ಈ ಮರೆವಿನಿಂದಲೇ ಬೆಳೆಯುತ್ತದೆ.

ಜರ್ಮನಿಯ ಬಾನ್ ನಗರದ ಬೊಯೆಲ್‌ನಲ್ಲಿ ಗಂಡಂದಿರು ಕಾರ್ನಿವಲ್‌ನಲ್ಲಿ ಮೋಜು ಮಾಡುತ್ತಿದ್ದರೆ, ಬಟ್ಟೆ ಒಗೆಯುವ ಹೆಂಗಸರು ದುಡಿಯುತ್ತಲೇ ಇದ್ದರು. 1824ರಲ್ಲಿ ಅವರು ತಮ್ಮದೇ ಸಮಿತಿ ಕಟ್ಟಿಕೊಂಡರು. ಬೂದಿ ಬುಧವಾರಕ್ಕೆ ಮುಂಚಿನ ಗುರುವಾರ ಅಲ್ಲಿ ಇಂದಿಗೂ ಹೆಂಗಸರದು. ಅವರು ಪುರಭವನಕ್ಕೆ ಮುತ್ತಿಗೆ ಹಾಕುತ್ತಾರೆ, ಗಂಡಸರ ಟೈ ಕತ್ತರಿಸುತ್ತಾರೆ. ಹಬ್ಬ ಹಾಳಾಗಲಿಲ್ಲ, ಹಿಗ್ಗಿತು.

ಸಂಪ್ರದಾಯವನ್ನು ಮುಟ್ಟಬಾರದೆನ್ನುವವರು ಶಿರಸಿಯ ಇತಿಹಾಸವನ್ನೇ ನೋಡಬಹುದು. 1934ರಲ್ಲಿ ಶಿರಸಿಗೆ ಬಂದ ಗಾಂಧೀಜಿ ಪ್ರಾಣಿಬಲಿಯ ಕಾರಣಕ್ಕೆ ಮಾರಿಕಾಂಬಾ ದೇವಾಲಯವನ್ನು ಪ್ರವೇಶಿಸಲು ಒಪ್ಪಲಿಲ್ಲ. ಮುಂದೆ ಕೋಣನ ಬಲಿ ನಿಂತಿತು, ಜಾತ್ರೆಯೇನೂ ನಿಲ್ಲಲಿಲ್ಲ.

ಬೇಡ ಕುಣಿಯಲಿ, ತಮಟೆ ಮೊಳಗಲಿ. ಆದರೆ ಕುಣಿತಕ್ಕೆ ಮೊದಲು ಅವಳ ಕಥೆಯನ್ನು ನೆರೆದವರಿಗೆ ಹೇಳಲಿ. ಹಗ್ಗ ಹಿಡಿಯುವವರಲ್ಲಿ ಹೆಣ್ಣುಮಕ್ಕಳಿಗೂ ಜಾಗವಿರಲಿ. ಕಾಯುವವನೇ ಕೊಲ್ಲಹೊರಟಾಗ ಅವನನ್ನು ತಡೆದವಳು ಒಬ್ಬ ಹೆಣ್ಣುಮಗಳು ಎಂಬುದು ರಸ್ತೆಯಂಚಿನಲ್ಲಿ ನಿಂತ ಪ್ರತಿ ಮಗುವಿಗೂ ತಿಳಿಯಲಿ.