ಕಡತದೊಳಗಿನ ಪಾಠ: ಹಳೆಯ ಗಣಕಕಡತಗಳ ಬೈಟ್ ಓದು ಮತ್ತು ಗ್ರಂಥಸಂಪಾದನೆ

ಗ್ರಂಥಸಂಪಾದನೆ ಎಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ತಾಳೆಗರಿ, ಕೋರಿಕಾಗದ ಮತ್ತು ಕಡತ. ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದ ಕಪ್ಪುಬಟ್ಟೆಯ ಮೇಲೆ ಬಳಪದಿಂದ ಬರೆದು, ಅಳಿಸಿ, ಮತ್ತೆ ಬರೆಯಬಹುದಾಗಿದ್ದ ಆ ಕಡತದ ಹೆಸರನ್ನೇ ನಾವು ಗಣಕದ ಫೈಲಿಗೂ ಇಟ್ಟಿದ್ದೇವೆ. ಹೆಸರನ್ನು ಕೊಟ್ಟೆವೇ ಹೊರತು, ಕಡತವನ್ನು ಓದುವ ಶಿಸ್ತನ್ನು ಅದಕ್ಕೆ ಅನ್ವಯಿಸಲಿಲ್ಲ. ಕಳೆದ ಮೂರು ದಶಕಗಳಲ್ಲಿ ಕನ್ನಡ ಅಧ್ಯಯನ ವಿಭಾಗಗಳಲ್ಲಿ ಸಿದ್ಧವಾದ ಪ್ರಬಂಧಗಳು, ಜಾನಪದ ಸಂಗ್ರಹಗಳು, ಶಾಸನಪಾಠಗಳು ಬಹುಪಾಲು ಗಣಕದಲ್ಲಿಯೇ ಮೊದಲು ರೂಪುಗೊಂಡವು. ಅವುಗಳ ಮೂಲಪ್ರತಿ ಯಾವುದು, ಅದನ್ನು ಓದುವ ಬಗೆ ಯಾವುದು ಎಂಬ ಪ್ರಶ್ನೆ ಕನ್ನಡ ವಿಭಾಗದ್ದೇ ಹೊರತು ಗಣಕ ವಿಭಾಗದ್ದಲ್ಲ ಎಂಬುದು ನನ್ನ ವಾದ.

ಈ ಓದಿನ ಹುಟ್ಟು ನಮ್ಮ ವಿದ್ವತ್ ವಲಯದಲ್ಲಿಲ್ಲ. 1980ರ ದಶಕದ ಮನೆಗಣಕಗಳ ಹವ್ಯಾಸಿಗಳು ಅದನ್ನು ರೂಢಿಸಿಕೊಂಡರು. 1984ರಲ್ಲಿ ಭಾರತ ಸರ್ಕಾರ ಆರಂಭಿಸಿದ ‘ಕ್ಲಾಸ್’ ಯೋಜನೆಯ ಮೂಲಕ ನಮ್ಮ ಶಾಲೆಗಳಿಗೂ ಬಂದ ಬಿಬಿಸಿ ಮೈಕ್ರೊ ಅಂತಹ ಗಣಕಗಳಲ್ಲೊಂದು. ಅದರ ‘ಬಿ’ ಮಾದರಿಯ ಒಟ್ಟು ಸ್ಮೃತಿ 32 ಕಿಲೊಬೈಟ್. ಅಂತಹ ಯಂತ್ರದ ಆಟವೊಂದನ್ನು ತಂತ್ರಾಂಶವಾಗಿ ನಡೆಸದೆ, ಬರಿಯ ಸಂಖ್ಯೆಗಳ ಸಾಲಾಗಿ ತೆರೆದು ನೋಡುತ್ತಿದ್ದರು. ಹದಿನಾರನ್ನು ಆಧಾರವಾಗಿಟ್ಟ ಷೋಡಶಮಾನ ಕ್ರಮದಲ್ಲಿ, ಅಂದರೆ 0ಯಿಂದ 9, ಅನಂತರ ಎ ಇಂದ ಎಫ್ ವರೆಗಿನ ಚಿಹ್ನೆಗಳಲ್ಲಿ, ಪ್ರತಿ ಬೈಟ್ ಎರಡು ಅಂಕಿಗಳಾಗಿ ಕಾಣುತ್ತದೆ. ಆ ಗಣಕದ 6502 ಸಂಸ್ಕಾರಕದಲ್ಲಿ ‘ಎ9’ ಎಂದರೆ ಮುಂದಿನ ಸಂಖ್ಯೆಯನ್ನು ಎತ್ತಿಕೋ ಎಂಬ ಆಜ್ಞೆ. ಆಟಗಾರನಿಗೆ ಮೂರು ಜೀವ ಕೊಡುವ ‘ಎ9 03’ ಸಿಕ್ಕರೆ ಅದನ್ನು ‘ಎ9 09’ ಎಂದು ತಿದ್ದಿದರಾಯಿತು, ಜೀವ ಒಂಬತ್ತಾಗುತ್ತದೆ. ಪರದೆಯ ಸಂದೇಶವನ್ನೂ ಹೀಗೆಯೇ ಬದಲಿಸಬಹುದಿತ್ತು. ಆದರೆ ಹೊಸ ಮಾತು ಹಳೆಯದಕ್ಕಿಂತ ಉದ್ದವಾಗಬಾರದು, ಗಿಡ್ಡವಾದರೆ ಉಳಿದ ಜಾಗವನ್ನು ತೆರಪಿನ ಸಂಕೇತವಾದ ‘20’ರಿಂದ ತುಂಬಬೇಕು. ಮಕ್ಕಳಾಟದಂತೆ ತೋರುವ ಈ ಕೆಲಸದಲ್ಲಿ ಒಂದು ತಿಳಿವಳಿಕೆಯಿದೆ. ಪರದೆಯ ಮೇಲೆ ಕಾಣುವುದು ಕಡತವಲ್ಲ, ಕಡತದ ಒಂದು ವಾಚನ ಮಾತ್ರ.

ಕನ್ನಡಕ್ಕೆ ಈ ತಿಳಿವಳಿಕೆ ಎಷ್ಟು ಮುಖ್ಯವೆಂಬುದಕ್ಕೆ ನನ್ನೂರಿನ ಹೆಸರೇ ಸಾಕು. ‘ಬುಕ್ಕಾಂಬುಧಿ’ ಎಂಬುದನ್ನು ನುಡಿ ತಂತ್ರಾಂಶದ ಹಳೆಯ ಸಂಕೇತಕ್ರಮದಲ್ಲಿ ಬೆರಳಚ್ಚಿಸಿದರೆ ಕಡತದಲ್ಲಿ ಉಳಿಯುವುದು ಹತ್ತು ಬೈಟ್: ಎ7 ಸಿ4 50 ಸಿ1 ಸಿಸಿ 41 ಎ7 ಸಿ4 ಎ2 ಎಫ್‌ಸಿ. ಇವು ವರ್ಣಗಳಲ್ಲ, ಬರೆಹದ ತುಂಡುಗಳು. ಎ7 ಬಕಾರ, ಸಿ4 ಅದರ ಕೊಂಬು. 50 ಎಂಬುದು ತಲೆಕಟ್ಟಿಲ್ಲದ ಕಕಾರದ ಒಡಲು, ಸಿ1 ದೀರ್ಘ, ಸಿಸಿ ಕಕಾರದ ಒತ್ತು, 41 ಸೊನ್ನೆ. ಕೊನೆಯ ಎರಡನ್ನು ವಿಶೇಷವಾಗಿ ಗಮನಿಸಬೇಕು: ಎ2 ಎಂಬುದು ‘ದಿ’, ಎಫ್‌ಸಿ ಎಂಬುದು ಮಹಾಪ್ರಾಣದ ಸೀಳು. ಅಂದರೆ ಈ ಕ್ರಮದಲ್ಲಿ ‘ಧಿ’ ಎಂಬ ಅಕ್ಷರವೇ ಇಲ್ಲ; ‘ದಿ’ಗೆ ಸೀಳಿದೆ, ಅಷ್ಟೆ. ಭಾರತೀಯ ಮಾನಕ ಬ್ಯೂರೊ 1991ರಲ್ಲಿ ಅಂಗೀಕರಿಸಿದ ಇಸ್ಕಿ ಕ್ರಮದ ತಾತ್ತ್ವಿಕತೆಯೇ ಬೇರೆ. ಅಲ್ಲಿ ಧಕಾರಕ್ಕೆ ಸಿ5 ಎಂಬ ಸ್ವತಂತ್ರ ಸ್ಥಾನವಿದೆ, ಹೆಸರು ಉಚ್ಚಾರಣೆಯ ಅನುಕ್ರಮದಲ್ಲಿ ಹನ್ನೊಂದು ಬೈಟಾಗುತ್ತದೆ. ಯೂನಿಕೋಡ್ ಅದೇ ವರ್ಣಾನುಕ್ರಮವನ್ನು ಹಿಡಿಯಿತು. ಇಂದು ಬಳಕೆಯಲ್ಲಿರುವ ಯುಟಿಎಫ್-8 ರೂಪದಲ್ಲಿ ಪ್ರತಿ ಸಂಕೇತಕ್ಕೆ ಮೂರರಂತೆ ಮೂವತ್ತಮೂರು ಬೈಟ್. ಇನ್ನೊಂದು ಸ್ವಾರಸ್ಯವೆಂದರೆ, ನುಡಿಯಲ್ಲಿ ‘ದಿ’ ಆಗಿರುವ ಎ2 ಇಸ್ಕಿಯಲ್ಲಿ ಅನುಸ್ವಾರ. ಲಿಪಿ ಗೊತ್ತಿಲ್ಲದೆ ಓಲೆಯನ್ನು ಓದಲಾಗದಂತೆ, ಸಂಕೇತಕ್ರಮ ಗೊತ್ತಿಲ್ಲದೆ ಕಡತವನ್ನು ಓದಲಾಗದು.

ಇದರಿಂದ ಸಂಶೋಧನೆಗೆ ಒದಗುವ ಅಪಾಯ ಊಹೆಯದಲ್ಲ. ನನ್ನ ಸಂಶೋಧನೆಯ ಅಂಗವಾಗಿ ಬುಕ್ಕಾಂಬುಧಿ ಸುತ್ತಿನ ಹಳ್ಳಿಗಳ ಸೋಬಾನೆ ಹಾಡುಗಳ ಸಂಗ್ರಹವೊಂದನ್ನು ಪರಿಶೀಲಿಸುತ್ತಿದ್ದೇನೆ. 2003ರಲ್ಲಿ ಬೆರಳಚ್ಚಾಗಿ ಫ್ಲಾಪಿಯಲ್ಲಿ ಉಳಿದಿದ್ದ ಅದನ್ನು ಈಚೆಗೆ ಯಾರೋ ಯೂನಿಕೋಡಿಗೆ ಪರಿವರ್ತಿಸಿದ್ದರು. ಪರಿವರ್ತಿತ ಪಾಠದಲ್ಲಿ ‘ದಾರೆ’, ‘ದನ’, ‘ಬುಕ್ಕಾಂಬುದಿ’ ಎಂಬ ರೂಪಗಳು ದೊರೆಯುತ್ತವೆ. ನಮ್ಮ ಸೀಮೆಯ ಆಡುನುಡಿಯಲ್ಲಿ ಮಹಾಪ್ರಾಣ ಅಲ್ಪಪ್ರಾಣವಾಗುವುದು ಸಹಜ. ಆದುದರಿಂದ ಇವುಗಳನ್ನು ಉಪಭಾಷೆಯ ಲಕ್ಷಣಗಳೆಂದು ಪಟ್ಟಿಮಾಡಲು ಯಾವ ಸಂಶೋಧಕನೂ ಹಿಂಜರಿಯಲಾರ. ಮೂಲಕಡತದ ಬೈಟ್‌ಗಳನ್ನು ತೆರೆದು ನೋಡಿದಾಗ ಸಂಗತಿ ಬೇರೆಯಾಯಿತು. ಕೆಲವೆಡೆ ಸೀಳಿನ ಬೈಟ್ ಇದೆ, ಪರಿವರ್ತಕ ಅದನ್ನು ಕೈಬಿಟ್ಟಿದೆ. ಕೆಲವೆಡೆ ಸೀಳು ಮೂಲದಲ್ಲಿಯೇ ಇಲ್ಲ. ಮೊದಲನೆಯದು ಯಂತ್ರದ ಸ್ಖಾಲಿತ್ಯ, ಎರಡನೆಯದು ಹಾಡಿದವರ ಉಚ್ಚಾರಣೆ ಇರಬಹುದು. ಇವೆರಡನ್ನೂ ಬೆರಸಿದ ಪಾಠದ ಮೇಲೆ ಕಟ್ಟಿದ ಧ್ವನಿಶಾಸ್ತ್ರೀಯ ನಿರ್ಣಯಕ್ಕೆ ಬೆಲೆಯೇನು?

ಅರ್ಕಾವೊತ್ತಿನ ಕಥೆ ಎಲ್ಲರೂ ಕಂಡದ್ದೇ. ನುಡಿಯ ಹಳೆಯ ಕ್ರಮದಲ್ಲಿ ಅರ್ಕಾವೊತ್ತು ಬರೆಯುವ ಕ್ರಮದಂತೆ ನಾಕಾರದ ಅನಂತರ ಎಫ್0 ಆಗಿ ಕುಳಿತಿರುತ್ತದೆ. ಯೂನಿಕೋಡಿನಲ್ಲಿ ರೇಫ ನಕಾರಕ್ಕಿಂತ ಮುಂಚೆ ಬರಬೇಕು. ಸ್ಥಾನ ಬದಲಿಸಲು ಮರೆತ ಪರಿವರ್ತಕದಿಂದ ಹೊರಬಂದ ‘ಕನಾರ್ಟಕ’ ಎಷ್ಟೋ ಮುದ್ರಿತ ಪುಟಗಳಲ್ಲಿಯೂ ರಾರಾಜಿಸುತ್ತಿದೆ. ಇದು ಕಣ್ಣಿಗೆ ಹೊಡೆಯುವ ದೋಷವಾದ್ದರಿಂದ ಅಷ್ಟು ಅಪಾಯಕಾರಿಯಲ್ಲ. ಅರ್ಥವತ್ತಾಗಿ ಕಾಣುವ ದೋಷವೇ ಅಪಾಯಕಾರಿ ಎಂಬುದು ಗ್ರಂಥಸಂಪಾದನೆಯ ಹಳೆಯ ಪಾಠ.

ಹಳಗನ್ನಡದವರಿಗೆ ಮತ್ತೊಂದು ಮಾತು. ಯೂನಿಕೋಡಿನ 0ಸಿಡಿಇ ಸ್ಥಾನದಲ್ಲಿರುವ ನಮ್ಮ ೞಕಾರಕ್ಕೆ ತಪ್ಪಾಗಿ ‘ಫ’ ಎಂದು ಹೆಸರಿಡಲಾಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯನ್ನು ಪರ್ಯಾಯನಾಮವಾಗಿ ಸೇರಿಸಿದ್ದಾರೆ, ಹೆಸರು ಹಾಗೆಯೇ ಉಳಿದಿದೆ. ಆ ಮೇಜಿನ ಸುತ್ತ ಕನ್ನಡ ವಿದ್ವಾಂಸನೊಬ್ಬ ಸಕಾಲದಲ್ಲಿ ಕುಳಿತಿದ್ದರೆ ಇದು ತಪ್ಪುತ್ತಿತ್ತು.

ನಮ್ಮವರು ಈ ಕ್ಷೇತ್ರಕ್ಕೆ ಬೆನ್ನು ತಿರುಗಿಸಿದ್ದರೆಂದು ಹೇಳುವುದು ಅನ್ಯಾಯವಾದೀತು. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ಕೀಲಿಮಣೆ ವಿನ್ಯಾಸಕ್ಕೆ ವರ್ಣಮಾಲೆಯ ತರ್ಕವನ್ನು ತಂದರು. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಬಗೆಗೆ ಸತತವಾಗಿ ಒತ್ತಾಯಿಸಿದರು. ಆದರೆ ಆ ಕಾಲದ ಚರ್ಚೆಯೆಲ್ಲ ಮೂಡಿಸುವುದನ್ನು ಕುರಿತದ್ದಾಗಿತ್ತು. ಮೂಡಿಸಿದ್ದನ್ನು ಉಳಿಸುವ, ಉಳಿದದ್ದನ್ನು ಓದುವ ಚರ್ಚೆ ಹಿಂದೆ ಬಿತ್ತು.

ಆಕ್ಷೇಪಗಳಿಲ್ಲದಿಲ್ಲ. ಮುದ್ರಿತ ಪ್ರತಿ ಇರುವಾಗ ಬೈಟ್‌ಗಳ ಗೊಡವೆ ಏಕೆ ಎನ್ನಬಹುದು. ಅದೇ ಕಾಲದಲ್ಲಿ ತೆಗೆದ, ಕರಡು ತಿದ್ದಿದ ಮುದ್ರಿತ ಪ್ರತಿ ಇದ್ದರೆ ಅದಕ್ಕೇ ಹೆಚ್ಚು ಮನ್ನಣೆ ಸಲ್ಲಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅನೇಕ ಕ್ಷೇತ್ರಕಾರ್ಯದ ಸಂಗ್ರಹಗಳು ಎಂದೂ ಮುದ್ರಣ ಕಾಣಲಿಲ್ಲ. ಬೈಟ್‌ಗಳಿಗೂ ಮಿತಿಯಿದೆ: ಅವು ಬೆರಳಚ್ಚುಗಾರ ಏನನ್ನು ಒತ್ತಿದನೆಂಬುದಕ್ಕೆ ಸಾಕ್ಷಿ, ಹಾಡಿದಾಕೆ ಏನನ್ನು ನುಡಿದಳೆಂಬುದಕ್ಕಲ್ಲ. ಅದಕ್ಕೆ ಧ್ವನಿಸುರುಳಿಯೇ ಬೇಕು.

ಇನ್ನೊಂದು ತೊಡಕು ನೈತಿಕವಾದುದು. ಮೈಕ್ರೊಸಾಫ್ಟ್ ವರ್ಡ್‌ನ ಹಳೆಯ ಆವೃತ್ತಿಗಳಲ್ಲಿ ಶೀಘ್ರವಾಗಿ ಉಳಿಸುವ ಸೌಲಭ್ಯವೊಂದಿತ್ತು. ಅದು ಚಾಲ್ತಿಯಲ್ಲಿದ್ದರೆ ಅಳಿಸಿದ ಮಾತು ಪರದೆಯಿಂದ ಮರೆಯಾದರೂ ಕಡತದಲ್ಲಿ ಉಳಿಯುತ್ತಿತ್ತು. ಸಂಪಾದಕನಿಗೆ ಇದೊಂದು ನಿಧಿ, ಏಕೆಂದರೆ ಕೈಬಿಟ್ಟ ಪಾಠಾಂತರಗಳು ಅಲ್ಲಿ ಸಿಗಬಹುದು. ಆದರೆ ತನ್ನ ಹೆಸರು ಬೇಡವೆಂದು ವಕ್ತೃವೊಬ್ಬಳು ಕೇಳಿಕೊಂಡು ತೆಗೆಸಿದ ಹೆಸರೂ ಅಲ್ಲಿಯೇ ಇರಬಹುದು. ಸಿಕ್ಕದ್ದನ್ನೆಲ್ಲ ಪ್ರಕಟಿಸುವ ಹಕ್ಕು ನಮಗಿಲ್ಲ.

ಓದುವುದು ಬೇರೆ, ತಿದ್ದುವುದು ಬೇರೆ ಎಂಬುದನ್ನೂ ಹೇಳಬೇಕು. ಮನೆಗಣಕದ ಹವ್ಯಾಸಿ ಮೂಲವನ್ನೇ ತಿದ್ದುತ್ತಿದ್ದ. ನಮಗೆ ಅದು ನಿಷಿದ್ಧ. 1901ರಲ್ಲಿ ರೈಸ್ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟದಲ್ಲಿ ನಮ್ಮ ಕಡೂರು ಜಿಲ್ಲೆಯ ಶಾಸನಗಳಿವೆ. ಆ ಪಾಠವನ್ನು ಸಂದೇಹಿಸುವವರು ಪಡಿಯಚ್ಚಿಗೆ, ಕಲ್ಲಿಗೆ ಹೋಗುತ್ತಾರೆಯೇ ಹೊರತು ಉಳಿ ಹಿಡಿದು ಕಲ್ಲನ್ನು ತಿದ್ದುವುದಿಲ್ಲ. ಬೈಟ್‌ಗಳ ಪಟ್ಟಿ ಕಡತದ ಪಡಿಯಚ್ಚು. ತಿದ್ದುಪಡಿ ನಡೆಯಬೇಕಾದುದು ಪ್ರತಿಯಲ್ಲಿ, ಅಡಿಟಿಪ್ಪಣಿಯೊಡನೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯ ತರುವಾಯ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಗಳು ಶೋಧಗಂಗಾ ಭಂಡಾರಕ್ಕೆ ಸೇರುತ್ತಿವೆ. ಅಲ್ಲಿರುವ ಎಷ್ಟೋ ಕನ್ನಡ ಪ್ರಬಂಧಗಳಿಂದ ಒಂದು ಸಾಲನ್ನು ನಕಲಿಸಿದರೆ ರೋಮನ್ ಅಕ್ಷರಗಳ ಕಸ ಬೀಳುತ್ತದೆ. ಕನ್ನಡ ಪದವನ್ನು ಹುಡುಕಿದರೆ ಸಿಗದು. ವಿಭಾಗಗಳು ಮೂಲಕಡತವನ್ನು ಅದರ ಫಾಂಟ್ ಮತ್ತು ತಂತ್ರಾಂಶದ ಆವೃತ್ತಿಯ ವಿವರದೊಡನೆ ಕಾಪಿಡಬೇಕು. ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಇದಕ್ಕಾಗಿ ನಾಲ್ಕು ತರಗತಿ ಸಾಕು; ಬೇಕಾದ ಹೆಕ್ಸ್ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಪತ್ರಿಕೆಗಳ ಸಂಪಾದಕರೂ ಪರಿವರ್ತಿತ ಪಾಠವನ್ನು ಆಧರಿಸಿದ ಲೇಖನಗಳಲ್ಲಿ ಪರಿವರ್ತಕ ಯಾವುದೆಂದು ನಮೂದಿಸುವಂತೆ ಕೇಳಬೇಕು. ಸೋಬಾನೆ ಸಂಗ್ರಹದ ಧ್ವನಿಸುರುಳಿಗಳಲ್ಲಿ ಕೆಲವು ಇನ್ನೂ ನುಡಿಯುವ ಸ್ಥಿತಿಯಲ್ಲಿವೆ. ಮೂಲಕಡತದಲ್ಲಿ ಸೀಳಿಲ್ಲದ ರೂಪಗಳನ್ನಷ್ಟೇ ಆಯ್ದು ಅವುಗಳೊಡನೆ ಹೋಲಿಸುವ ಕೆಲಸ ಈಗ ನಡೆದಿದೆ.